ಕವಳೆಯ ಹುಳಿಯೂ ಗುಡ್ಡದ ಲೆಕ್ಕವೂ



ಭರಣಿ ಮಳೆಯ ಮೊದಲ ಹನಿಗಳು ಬೀಳುವ ಹೊತ್ತಿಗೆ ಮೊಳಕಾಲ್ಮುರಿನ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಗುಡ್ಡಗಳ ಇಳಿಜಾರಿನಲ್ಲಿ ಕವಳೆಯ ಪೊದೆಗಳು ಹಸಿರು ಕಾಯಿ ಹೊತ್ತು ನಿಲ್ಲುತ್ತವೆ. ಮೃಗಶಿರಾ ಮಳೆಯ ವೇಳೆಗೆ ಅವೇ ಕಾಯಿಗಳು ಕೆಂಪೇರಿ, ಕಪ್ಪಾಗಿ, ದನ ಕಾಯುವ ಮಕ್ಕಳ ತುಟಿ, ನಾಲಿಗೆಗಳಿಗೆ ಬಣ್ಣ ಹಚ್ಚುತ್ತವೆ. ಈ ಗುಡ್ಡಗಳಿಗೆ ಇತಿಹಾಸದ ಪುಸ್ತಕದಲ್ಲಿ ದೊಡ್ಡ ಹೆಸರಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿಯ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಬಂಡೆಯ ಮೇಲಿನ ಅಕ್ಷರಗಳಿಗೆ ಇಂದು ಕಾವಲಿದೆ. ಬಂಡೆಯ ಸಂದಿನಲ್ಲಿ ಬೇರೂರಿದ ಪೊದೆಗೆ ಮಾತ್ರ ಯಾವ ಲೆಕ್ಕದಲ್ಲಿಯೂ ಸ್ಥಾನವಿಲ್ಲ.

ಆ ಲೆಕ್ಕ ತಪ್ಪಿಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಭೂಬಳಕೆಯ ಸಮೀಕ್ಷೆಯೊಂದಕ್ಕಾಗಿ ಈ ಗುಡ್ಡಗಳನ್ನು ಸುತ್ತಿದಾಗ, ನಮೂನೆಯ ಅಂಕಣದಲ್ಲಿ ‘ಕುರುಚಲು, ನಿರುಪಯುಕ್ತ’ ಎಂದು ಬರೆದಿದ್ದೆ. ಪಕ್ಕದಲ್ಲಿ ಆಡು ಮೇಯಿಸುತ್ತಿದ್ದ ವೃದ್ಧೆಯೊಬ್ಬರು ನನ್ನ ಕಾಗದದತ್ತ ನೋಡಿ, ‘ಏನು ಬರ್ಕಂಡ್ರಿ ಸ್ವಾಮಿ?’ ಎಂದು ಕೇಳಿದರು. ಹೇಳಿದೆ. ಅವರು ಮಾತಾಡದೆ ಮಡಿಲು ಬಿಚ್ಚಿದರು. ಅದರ ತುಂಬ ಕವಳೆಕಾಯಿ. ಅಂದಿನ ಸಂಜೆಯ ಸಾರಿಗೆ ಅವರ ಮನೆಯಲ್ಲಿ ಅದೇ ಹುಳಿ. ನಿರುಪಯುಕ್ತವಾಗಿದ್ದುದು ಪೊದೆಯಲ್ಲ, ನನ್ನ ಅಂಕಣವಾಗಿತ್ತು.

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದ ಅತ್ಯಂತ ಒಣ ಸೀಮೆಗಳಲ್ಲಿ ಸೇರಿವೆ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಶೇಂಗಾ ಕೈಕೊಟ್ಟ ವರ್ಷದಲ್ಲಿಯೂ ಕವಳೆ ಕೈಕೊಡುವುದು ಅಪರೂಪ. ಆಳಕ್ಕಿಳಿಯುವ ಬೇರು, ತೊಗಲಿನಂತಹ ಎಲೆ, ಜೋಡಿ ಮುಳ್ಳು ಇವೇ ಅದರ ಬಂಡವಾಳ. ಆಡಿನ ಬಾಯಿಗೆ ಸಿಗದ ಆ ಮುಳ್ಳಿನ ಮರೆಯಲ್ಲಿ ಬೇರೆ ಮರಗಳ ಸಸಿಗಳೂ ತಲೆ ಎತ್ತುತ್ತವೆ. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಗುಡ್ಡದಿಂದ ಗುಡ್ಡಕ್ಕೆ ಒಯ್ಯುತ್ತವೆ. ಹೀಗೆ ಪೊದೆಯೊಂದು ಕಾಡಿನ ತೊಟ್ಟಿಲಾಗುತ್ತದೆ.

ಇನ್ನು ಅಡಿಗೆಯ ಮಾತು. ಕಾಯಿಯ ತೊಟ್ಟು ಮುರಿದರೆ ಬಿಳಿ ಹಾಲು ಒಸರುತ್ತದೆ. ಅದು ಕೈಗೂ ನಾಲಿಗೆಗೂ ಅಂಟು. ಕಾಯಿಗಳನ್ನು ಒಂದು ಗಂಟೆ ಉಪ್ಪುನೀರಿನಲ್ಲಿಟ್ಟು, ಉಜ್ಜಿ ತೊಳೆದರೆ ಅಂಟು ಬಿಡುತ್ತದೆ. ನಮ್ಮ ಸೀಮೆಗೆ ಒಪ್ಪುವ ಮೊದಲ ಅಡಿಗೆಯೆಂದರೆ ಚಟ್ನಿ. ಕಾಯಿಗಳನ್ನು ಸೀಳಿ ಬೀಜ ತೆಗೆದು, ಹುರಿದ ಶೇಂಗಾ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಬೇಕು. ಎಣ್ಣೆಯ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಶೇಂಗಾದ ಜಿಡ್ಡನ್ನು ಕವಳೆಯ ಹುಳಿ ಹದಕ್ಕೆ ತರುತ್ತದೆ. ಈ ಚಟ್ನಿಯಲ್ಲಿ ಕಾಯಿ ಬೇಯುವುದಿಲ್ಲವಾದ್ದರಿಂದ ಅದರ ‘ಸಿ’ ಜೀವಸತ್ವ ಉಳಿಯುತ್ತದೆ. ರಾಗಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಆ ಜೀವಸತ್ವ ನೆರವಾಗುತ್ತದೆ. ಮುದ್ದೆಯ ಪಕ್ಕದಲ್ಲಿ ಹುಳಿ ಇಡುವ ಹಿರಿಯರ ರೂಢಿ ಬರಿಯ ರುಚಿಯ ಮಾತಲ್ಲ.

ಸಾರಿಗಾದರೆ ಹುಣಸೆಯ ಬದಲು ಹತ್ತು ಹನ್ನೆರಡು ಕಾಯಿಗಳನ್ನು ಜಜ್ಜಿ ಹಾಕಬಹುದು. ಆದರೆ ಬೇಳೆ ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಮೆತ್ತಗಾಗದು. ಉಪ್ಪಿನಕಾಯಿಗೆ ಐದು ಪಾಲು ಕಾಯಿಗೆ ಒಂದು ಪಾಲು ಉಪ್ಪು, ನೀರಿನ ಪಸೆಯಿಲ್ಲದ ಜಾಡಿ, ನಾಲ್ಕು ದಿನದ ತಾಳ್ಮೆ, ಆಮೇಲೆ ಖಾರದ ಪುಡಿ ಮತ್ತು ಸಾಸಿವೆ. ಕಪ್ಪಾದ ಹಣ್ಣನ್ನು ಕಿವುಚಿ, ಸೋಸಿ, ಬೆಲ್ಲ ಬೆರೆಸಿದರೆ ಪಾನಕ. ಬೆಲ್ಲದೊಂದಿಗೆ ಕುದಿಸಿದರೆ ಗೊಜ್ಜು. ಕವಳೆಯಲ್ಲಿ ಪೆಕ್ಟಿನ್ ಹೇರಳ, ಅದರಲ್ಲಿಯೂ ದೋರೆಗಾಯಿಯಲ್ಲಿ ಹೆಚ್ಚು. ಆದ್ದರಿಂದ ಹಣ್ಣಿನ ಜೊತೆ ಕೆಲವು ದೋರೆಗಾಯಿ ಸೇರಿಸಿ ಕುದಿಸಿದರೆ ಅಂಗಡಿಯ ಪುಡಿಯ ಹಂಗಿಲ್ಲದೆ ಜೆಲ್ಲಿ ಗಟ್ಟಿಯಾಗುತ್ತದೆ. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರ ಮತ್ತು ಅಲ್ಯೂಮಿನಿಯಂ ಪಾತ್ರೆಗಳನ್ನು ಈ ಹುಳಿಗೆ ಬಳಸಬಾರದು. ಮಣ್ಣಿನ ಗಡಿಗೆ, ಕಲ್ಲುಮರಿಗೆ ಅಥವಾ ಸ್ಟೀಲ್ ಇರಲಿ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕವಳೆಯು ಕಣಗಿಲೆಯ ಕುಟುಂಬಕ್ಕೆ ಸೇರಿದ ಗಿಡ. ಕಣಗಿಲೆಯೋ ಕಡು ವಿಷ. ಹಿರಿಯರು ಗುರುತಿಸಿಕೊಡದ ಯಾವ ಕಾಡುಹಣ್ಣನ್ನೂ ಬಾಯಿಗೆ ಹಾಕಬೇಡಿ.

ಇಷ್ಟೆಲ್ಲ ಬರೆದುದು ಅಡಿಗೆಮನೆಗಾಗಿ ಮಾತ್ರವಲ್ಲ. ‘ಪಾಳು’ ಎಂದು ಬರೆದ ಭೂಮಿಯನ್ನು ಕೊಡುವುದು ಸುಲಭ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಹತ್ತಿರಹತ್ತಿರ 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋಯಿತು; ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ಗೋಡೆಗಳೆದ್ದವು, ಕುರಿಗಾಹಿಗಳ ದಾರಿಗಳು ಮುಚ್ಚಿದವು. ಕುರಿಗಾಹಿಗಳೂ ಪರಿಸರಾಸಕ್ತರೂ ರಾಷ್ಟ್ರೀಯ ಹಸಿರು ನ್ಯಾಯಪೀಠದ ಬಾಗಿಲು ತಟ್ಟಿದರು. ವಿಜ್ಞಾನ ಬೇಡವೆಂದು ವಿಜ್ಞಾನದ ಅನ್ನ ಉಂಡ ನಾನು ಹೇಳಲಾರೆ. ಆದರೆ ಹುಲ್ಲು, ಮುಳ್ಳು, ಹಣ್ಣು ಇವುಗಳಿಗೆ ಬೆಲೆ ಕಟ್ಟದೆ ಮಾಡಿದ ಲೆಕ್ಕವನ್ನು ವಿಜ್ಞಾನವೆನ್ನಲೂ ಆರೆ. ಚಳ್ಳಕೆರೆಯ ಕಾಡುಗೊಲ್ಲರು ತಮ್ಮ ಕ್ಯಾತೇದೇವರ ಜಾತ್ರೆಯಲ್ಲಿ ಮುಳ್ಳುಕಂಟಿಗಳಿಂದಲೇ ದೇವರ ಗುಡಿ ಕಟ್ಟಿ, ಬರಿಗಾಲಿನಲ್ಲಿ ಅದನ್ನೇರಿ ಕಳಶ ತರುತ್ತಾರೆ. ಮುಳ್ಳನ್ನು ಪಾಳೆಂದು ಕಾಣದ ಕಣ್ಣು ಈ ನೆಲದಲ್ಲಿ ಮೊದಲಿನಿಂದ ಇದೆ.

ಇನ್ನೊಂದು ಅಪಾಯ ನಮ್ಮಿಂದಲೇ ಬರಬಹುದು. ಕವಳೆಗೆ ಪೇಟೆಯಲ್ಲಿ ಬೆಲೆ ಬಂದ ದಿನ ಕೊಂಬೆ ಕಡಿದು ಕಾಯಿ ಉದುರಿಸುವ ಕೈಗಳೂ ಬರುತ್ತವೆ. ಹಾಗಾಗದಂತೆ ಊರೇ ಕಟ್ಟುಪಾಡು ಮಾಡಿಕೊಳ್ಳಬೇಕು: ಕೊಂಬೆಗೆ ಕೊಡಲಿ ತಾಗಿಸಬಾರದು, ಮೂರರಲ್ಲಿ ಒಂದು ಪಾಲು ಹಕ್ಕಿಗೂ ಬೀಜಕ್ಕೂ ಉಳಿಯಬೇಕು, ಹೊಸ ಹುಲ್ಲಿನಾಸೆಗೆ ಗುಡ್ಡಕ್ಕೆ ಬೆಂಕಿ ಇಡಬಾರದು. ಮಾರುವ ಆಸೆಯುಳ್ಳವರು ಹೊಲದ ಬದುವಿನಲ್ಲಿ ಬೇಲಿಯಾಗಿ ಬೆಳೆಸಲಿ. ಹಣ್ಣಿನಿಂದ ತೆಗೆದ ಬೀಜವನ್ನು ಒಣಗಲು ಬಿಡದೆ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ.

ಕಾನೂನೂ ನಮ್ಮ ಕೈಗೆ ಎರಡು ಸಾಧನ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ಮಾನ್ಯ ಮಾಡಿದೆ. ನಿಮ್ಮ ಪಂಚಾಯಿತಿಯ ದಾಖಲಾತಿಯನ್ನು ಕೇಳಿ ನೋಡಿ. ಅದರಲ್ಲಿ ಕವಳೆ, ಕಾರೆ, ಬಾರೆ, ಸೀತಾಫಲ ಇವೆಯೇ? ಇಲ್ಲದಿದ್ದರೆ ಬರೆಸಿ: ಯಾವ ಗುಡ್ಡ, ಯಾವ ತಿಂಗಳು, ಯಾರು ಕೊಯ್ಯುವವರು, ಯಾವ ಅಡಿಗೆ. ಶಾಲೆ ಕಾಲೇಜಿನ ಮಕ್ಕಳು ಅಜ್ಜಿಯರ ಬಳಿ ಕುಳಿತು ಈ ಕೆಲಸ ಮಾಡಿದರೆ ನೂರು ಭಾಷಣಗಳಿಗೆ ಸಮ.

ನನ್ನ ಹಳೆಯ ನಮೂನೆಯನ್ನು ನಾನು ತಿದ್ದಲಾರೆ. ಅದು ಎಂದೋ ಕಡತ ಸೇರಿತು. ಮುಂದಿನ ನಮೂನೆ ಹಿಡಿದು ಗುಡ್ಡಕ್ಕೆ ಬರುವವರಿಗೆ ನೀವು ಬರೆಸಿದ ಪುಟವೇ ಉತ್ತರವಾಗಲಿ. ಈ ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಕವಳೆಯಿಂದ ಏನು ಮಾಡಿದಿರೆಂಬುದನ್ನು ನಮಗೂ ಬರೆದು ಕಳುಹಿಸಿ.

– ಸಂಪಾದಕ