ಉಮಿಬೂದಿ ಮತ್ತು ಮಣ್ಣಿನ ಪಾಲು

ಸುಳ್ಯ, ಪುತ್ತೂರಿನ ಗುಡ್ಡಗಳಲ್ಲಿ ಹನಿಯುವ ರಬ್ಬರ್ ಹಾಲು ತಾನಾಗಿ ಟಯರ್ ಆಗದು. ಸವೆತ ತಾಳಲು ಅದಕ್ಕೆ ಪೂರಕ ಪುಡಿ ಬೆರೆಸಬೇಕು. ಹೆಚ್ಚಾಗಿ ಬೆರೆಸುವ ಮಸಿಪುಡಿ, ಅಂದರೆ ಕಾರ್ಬನ್ ಬ್ಲ್ಯಾಕ್, ಪೆಟ್ರೋಲಿಯಂ ತೈಲದಿಂದ ಬರುತ್ತದೆ.

ಸಿಲಿಕಾ ಆ ಕೆಲಸವನ್ನು ಭಾಗಶಃ ಮಾಡಬಲ್ಲದು. ಅಕ್ಕಿ ಗಿರಣಿಯ ಉಮಿಬೂದಿಯಲ್ಲಿ ಶೇ. 90ರ ಆಸುಪಾಸು ಸಿಲಿಕಾ ಇದೆ. ಅದನ್ನು ಟಯರ್‌ಗೆ ಬಳಸುವುದಾಗಿ ಗುಡ್‌ಇಯರ್ ಕಂಪನಿ 2014ರಲ್ಲಿಯೇ ಪ್ರಕಟಿಸಿತು. ಹೀಗಿರುವಾಗ ಬೂದಿಯನ್ನು ಹಳ್ಳದ ದಂಡೆಗೆ ಸುರಿಯುವುದು ಅವಿವೇಕ.

ಆದರೆ ಎರಡು ಎಚ್ಚರಗಳು ಅಗತ್ಯ. ಅತಿ ಶಾಖದಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟುತ್ತದೆ. ಅದರ ದೂಳು ಕಾರ್ಮಿಕರ ಶ್ವಾಸಕೋಶಕ್ಕೆ ಮಾರಕ. ಎರಡನೆಯದಾಗಿ, ತ್ಯಾಜ್ಯವೆಂಬ ಹೆಸರಿನಲ್ಲಿ ಗೊಬ್ಬರವಾಗಬೇಕಾದ ಸೊಪ್ಪು, ದರಗು, ಅಡಿಕೆ ಸಿಪ್ಪೆಗಳೂ ಲಾರಿಯೇರಬಾರದು. ಗಿರಣಿಯ ಬೂದಿ ಕಾರ್ಖಾನೆಗೆ ಹೋಗಲಿ. ಮಣ್ಣಿನ ಪಾಲು ಮಣ್ಣಿಗೇ ಉಳಿಯಲಿ.