ಕಸೂತಿಗೆ ಅಂಟು ಬೇಡ ಸ್ವಾಮೀ!

ಜೂನ್ ಬಂತೆಂದರೆ ಮಣಿಪಾಲದಲ್ಲಿ ಗೋಡೆಯೂ ಬೆವರುತ್ತದೆ. ಆ ಗೋಡೆಗೆ ತೂಗುಹಾಕಿದ ಕಸೂತಿಯ ಗತಿ ಏನು?

ನಮ್ಮಮ್ಮ ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದವರು. ಗವಂತಿ, ಮುರ್ಗಿ, ನೇಗಿ, ಮೆಂತಿ, 4 ಹೊಲಿಗೆಯೂ ಬಲ್ಲವರು. ಕಸೂತಿಗೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಂತೂ ಬಟ್ಟೆಯ ಹಿಂದು ಮುಂದು ಎರಡೂ ಒಂದೇ. ಈಗ ಅಮ್ಮನಿಗೆ ಕಣ್ಣು ಸಾಲದು. ಕೊನೆಗೆ ಹಾಕಿದ ಗೋಪುರವನ್ನು ಫ್ರೇಮಿಗೆ ಕೊಟ್ಟೆ. ಅಂಗಡಿಯವರು ಪ್ಲೈವುಡ್ಡಿಗೆ ಅಂಟು ಬಳಿದು, ಮೇಲೆ ಗಾಜು ಒತ್ತಿ ಕೊಟ್ಟರು. ಒಂದೇ ಮಳೆಗಾಲಕ್ಕೆ ಬೂಷ್ಟು! ಬಿಡಿಸಹೋದರೆ ನೂಲೇ ಕಿತ್ತುಬಂತು.

ತಪ್ಪು ಅವರೊಬ್ಬರದಲ್ಲ. ‘ಬೇಗ ಕೊಡಿ, ಕಮ್ಮಿಗೆ ಕೊಡಿ’ ಅಂದವನು ನಾನೇ.

ಮಾಡಬೇಕಾದ್ದು ಇಷ್ಟೆ. ಬಣ್ಣ ಬಿಡದೆಂದು ನೋಡಿಕೊಂಡು ತಣ್ಣೀರಲ್ಲಿ ಒಗೆದು, ಪೂರ್ತಿ ಒಣಗಿಸಿ, ಟವೆಲಿನ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿ. ಆಮ್ಲವಿಲ್ಲದ ರಟ್ಟಿಗೆ ಸುತ್ತಿ, ಹಿಂಬದಿಯಲ್ಲಿ ದಾರದಿಂದ ಬಿಗಿಯಿರಿ. ಗಾಜು ಬಟ್ಟೆಗೆ ತಾಗದಂತೆ ನಡುವೆ ಪಟ್ಟಿ ಇರಲಿ. ಮಳೆ ಬಡಿಯುವ ಗೋಡೆ ಬೇಡ, ಬಿಸಿಲೂ ಬೇಡ.

ಫ್ರೇಮಿನಂಗಡಿಯವರೇ, ಅಂಟಿನ ಡಬ್ಬ ತೆರೆಯುವ ಮುನ್ನ ಗಿರಾಕಿಯನ್ನು ಒಂದು ಮಾತು ಕೇಳಿ. ಗಿರಾಕಿಗಳೇ, ನಾಲ್ಕು ಕಾಸು ಹೆಚ್ಚು ಕೊಡಿ. ಫ್ರೇಮು ಇನ್ನೊಂದು ಸಿಕ್ಕೀತು. ಅಮ್ಮನ ಕೈಹೊಲಿಗೆ ಎಲ್ಲಿಂದ ತರೋಣ?