ಹೊರಗಿನ ಚೀಟಿ ನಿಲ್ಲಲಿ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವಿಮೆಯಿಲ್ಲದ ರೋಗಿಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ, ತಪಾಸಣೆ ಹಾಗೂ ತುರ್ತು ಚಿಕಿತ್ಸೆ ಖಾತ್ರಿಪಡಿಸುವ ಬಗ್ಗೆ.

ಮಾನ್ಯರೇ,

ಈ ಮನವಿಗೆ ಸಹಿ ಹಾಕಿರುವವರು ಗಾರೆ ಕೆಲಸದವರು, ಮನೆಗೆಲಸದವರು, ತಳ್ಳುಗಾಡಿ ವ್ಯಾಪಾರಿಗಳು. ಇವರನ್ನು ಕಾಡುವ ಸಕ್ಕರೆ ಕಾಯಿಲೆ, ಬಿಪಿ, ಬಿಡದ ಕೆಮ್ಮುಗಳಿಗೆ ಬೇಕಿರುವುದು ಆಸ್ಪತ್ರೆಯ ಹಾಸಿಗೆಯಲ್ಲ. ತಿಂಗಳು ತಿಂಗಳು ಮಾತ್ರೆ, ಆಗಾಗ ರಕ್ತಪರೀಕ್ಷೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುತ್ತದೆ. ಹೃದಯದ ಶಸ್ತ್ರಚಿಕಿತ್ಸೆಗೆ ಹೊಲ ಮಾರಬೇಕಿದ್ದ ಮನೆಗಳಿಗೆ ಇದು ದೊಡ್ಡ ಆಸರೆ. ಅರ್ಜಿದಾರರು ಅದನ್ನು ಮನಸಾರೆ ಒಪ್ಪುತ್ತಾರೆ. ಆದರೆ ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಹೊರರೋಗಿಯಾಗಿ ಬಂದವರ ದಿನನಿತ್ಯದ ಮಾತ್ರೆಯ ಖರ್ಚಂತೂ ಕಾರ್ಡ್ ಇದ್ದರೂ ಕೈಯಿಂದಲೇ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಎಂದು ಚೀಟಿ ಬರೆದುಕೊಟ್ಟ ದಿನ ರೋಗಿಯ ಮನೆಯ ಒಂದು ದಿನದ ಕೂಲಿ ಮೆಡಿಕಲ್ ಸ್ಟೋರಿನ ಪಾಲು.

ಇದಕ್ಕೆ ದಾರಿ ಇಲ್ಲವೆಂದಲ್ಲ. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆಂದು ಪ್ರತ್ಯೇಕ ನಿಗಮ ಕಟ್ಟಿತು. ರಾಜಸ್ಥಾನ 2011ರ ಅಕ್ಟೋಬರ್ 2ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧ ಕೊಡತೊಡಗಿತು. ನಮ್ಮಲ್ಲೂ ಔಷಧ ಸರಬರಾಜು ನಿಗಮವಿದೆ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವುಗಳು ಅದು ಪೂರೈಸಿದ ಐವಿ ದ್ರಾವಣದ ಗುಣಮಟ್ಟವನ್ನೇ ಪ್ರಶ್ನೆಗೆ ಒಡ್ಡಿದವು. ಉಚಿತವಾಗಿ ಕೊಡುವ ಔಷಧ ನಂಬಿ ತೆಗೆದುಕೊಳ್ಳುವಂತೆಯೂ ಇರಬೇಕಲ್ಲವೇ?

ಹಣವಿಲ್ಲವೆಂಬ ಉತ್ತರವನ್ನು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ತಳ್ಳಿಹಾಕಿದೆ. 1992ರಲ್ಲಿ ರೈಲಿನಿಂದ ಬಿದ್ದ ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕರೊಬ್ಬರನ್ನು ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ವಾಪಸ್ ಕಳಿಸಿದವು. ಕೊನೆಗೆ ಅವರು ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆರಬೇಕಾಯಿತು. ಸರ್ಕಾರಿ ಆಸ್ಪತ್ರೆಗಳು ಹೀಗೆ ಚಿಕಿತ್ಸೆ ನಿರಾಕರಿಸಿದ್ದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದ ನ್ಯಾಯಾಲಯ, 1996ರಲ್ಲಿ 25,000 ರೂಪಾಯಿ ಪರಿಹಾರ ಕೊಡಿಸಿತು.

ಆದ್ದರಿಂದ ಅರ್ಜಿದಾರರ ಬೇಡಿಕೆಗಳಿವು: ಪ್ರತಿ ತಾಲ್ಲೂಕು ಆಸ್ಪತ್ರೆಯ ಔಷಧ ದಾಸ್ತಾನು ದಿನವೂ ಫಲಕದಲ್ಲಿ ಕಾಣಲಿ. ಔಷಧ ಇಲ್ಲದಿದ್ದರೆ ಆಸ್ಪತ್ರೆಯೇ ಖರೀದಿಸಿ ರೋಗಿಗೆ ಕೊಡಲಿ. ಹೊರರೋಗಿಗಳಿಗೆ ರಕ್ತಪರೀಕ್ಷೆ, ಎಕ್ಸ್‌ರೇ ಶುಲ್ಕ ರದ್ದಾಗಲಿ. ಇನ್ನು ಖಾಸಗಿ ಆಸ್ಪತ್ರೆಗಳ ವಿಚಾರ: ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಿಲ್ ಬಾಕಿಯೆಂದು ಶವ ತಡೆಯಬಾರದು ಎಂದು ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಈ ಬಗ್ಗೆ ದೂರು ಕೇಳುವ ಜಿಲ್ಲಾ ಪ್ರಾಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿದೆ. ಅದರ ಫೋನ್ ನಂಬರ್ ಪ್ರತಿ ಆಸ್ಪತ್ರೆಯ ಬಾಗಿಲಲ್ಲೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು.

ಈ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಅರ್ಜಿದಾರರು ಕೋರುತ್ತಾರೆ.

ಇಂತಿ,
ಸಹಿ ಮಾಡಿರುವ ಅರ್ಜಿದಾರರು